ಮುಪ್ಪಿನ ಮೀನು ಹೇಳುವ ಪಾಠ

*ಇಂದಿನ ಧಮ್ಮ ಚಿಂತನೆ*

 

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಟಿಶ್ ಎಂಬ ಗೋಲ್ಡ್‌ಫಿಶ್ ಇತ್ತು. 1956ರಲ್ಲಿ ಒಬ್ಬ ಹುಡುಗ ಜಾತ್ರೆಯ ಆಟದಲ್ಲಿ ಅದನ್ನು ಗೆದ್ದು ಮನೆಗೆ ತಂದಿದ್ದ. ಬಾಬಾಸಾಹೇಬರು ನಾಗಪುರದಲ್ಲಿ ಧಮ್ಮದೀಕ್ಷೆ ಪಡೆದ ವರ್ಷವೂ ಅದೇ. ಆ ಮೀನು 1999ರವರೆಗೆ, 43 ವರ್ಷ ಬದುಕಿತು. ಗಿನ್ನೆಸ್ ಪುಸ್ತಕದಲ್ಲಿ ಅದರ ಹೆಸರಿದೆ. ವಯಸ್ಸಾದಂತೆ ಅದರ ಕಿತ್ತಳೆ ಬಣ್ಣ ಮಾಸಿ ಬೆಳ್ಳಿಯಂತಾಗಿತ್ತಂತೆ, ನಮ್ಮ ಕೂದಲು ನರೆತ ಹಾಗೆ.

ಇದನ್ನು ನೆನೆಯಲು ಕಾರಣವಿದೆ. ನಮ್ಮ ಶಾಲೆಯ ಗಾಜಿನ ತೊಟ್ಟಿಯಲ್ಲಿ 11 ವರ್ಷ ಇದ್ದ ಗೋಲ್ಡ್‌ಫಿಶ್ ಈಚೆಗೆ ತೀರಿಕೊಂಡಿತು. ಕೆಲವು ತಿಂಗಳಿಂದ ಅದು ಹೆಚ್ಚು ಈಜುತ್ತಿರಲಿಲ್ಲ, ತಳದಲ್ಲೇ ಇರುತ್ತಿತ್ತು. ಮಕ್ಕಳು ಬೇವಿನ ಗಿಡದ ಬುಡದಲ್ಲಿ ಅದನ್ನು ಹೂಳಿ ಸುಮ್ಮನೆ ನಿಂತರು. ಒಬ್ಬ ಹುಡುಗಿ ಕೇಳಿದಳು: "ಸರ್, ನಮ್ಮಿಂದ ಏನರ ತಪ್ಪಾತೇನ್ರಿ?" ಅಲ್ಲಿದ್ದ ಹಿರಿಯರೊಬ್ಬರು, "ಇಲ್ಲವ್ವ, ಶಾಲಿಗೆ ಬರೋ ಕೇಡು ಅದು ತನ್ನ ಮ್ಯಾಲ ಹಾಕ್ಕೊಂಡು ಹೋತು" ಅಂದರು. ಸಮಾಧಾನಕ್ಕೆಂದೇ ಹೇಳಿದ ಮಾತು. ಆದರೂ ಧಮ್ಮದ ದಾರಿಯಲ್ಲಿ ನಡೆಯುವ ನಾವು ಈ ಪ್ರಶ್ನೆಗೆ ಬೇರೆ ಉತ್ತರ ಕೊಡಬೇಕು.

*1. ಕಾರಣವನ್ನು ಹುಡುಕಬೇಕು.*
ಕಾರಣವಿಲ್ಲದೆ ಏನೂ ಆಗದು ಎಂಬುದು ಪ್ರತೀತ್ಯ ಸಮುತ್ಪಾದ. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಬಿಡುತ್ತದೆ. ನೀರು ಬದಲಿಸದಿದ್ದರೆ ಅದೇ ಅದಕ್ಕೆ ವಿಷ. ನಮ್ಮ ರಾಯಚೂರು ಸೀಮೆಯ ಬೇಸಿಗೆಯಲ್ಲಿ ನೀರು ಬಿಸಿಯಾದರೆ ಅದರಲ್ಲಿ ಆಮ್ಲಜನಕವೂ ಕಡಿಮೆಯಾಗುತ್ತದೆ. ತಂದ ಮೂರೇ ತಿಂಗಳಿಗೆ ಮೀನು ಸತ್ತರೆ ಕಾರಣ ಬಹುಮಟ್ಟಿಗೆ ನೀರಿನಲ್ಲಿರುತ್ತದೆ. 11 ವರ್ಷ ಬದುಕಿ, ಮುಪ್ಪಾಗಿ ಸತ್ತರೆ ಕಾರಣ ಹುಟ್ಟಿನಲ್ಲೇ ಇದೆ. ಎರಡರಲ್ಲೂ ಗ್ರಹವಿಲ್ಲ, ದೋಷವಿಲ್ಲ, ಯಾರ ಕೇಡನ್ನೂ ಮೀನು ಹೊತ್ತಿಲ್ಲ. ಆ ಹುಡುಗಿಗೆ ನಾನು ಹೇಳಿದ್ದೂ ಇಷ್ಟೇ: ತಪ್ಪಾಗಿಲ್ಲವ್ವ, ಅದಕ್ಕೆ ವಯಸ್ಸಾಗಿತ್ತು.

*2. ಅಳುವುದು ತಪ್ಪಲ್ಲ.*
"ಒಂದು ಮೀನಿಗೆ ಇಷ್ಟು ಅಳೋದೇನು, ಇನ್ನೊಂದು ತಂದರಾಯ್ತು" ಎನ್ನಬೇಡಿ. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೋತಮಿಯನ್ನು ಬುದ್ಧರು ಗದರಲಿಲ್ಲ. ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಕಳಿಸಿದರು, ಅವಳೇ ಸುತ್ತಿ ಅವಳೇ ತಿಳಿದುಕೊಂಡಳು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಈ ಪ್ರಸಂಗವನ್ನು ಬುದ್ಧರ ಮಾನವೀಯತೆಯ ಭಾಗದಲ್ಲಿ ಇಟ್ಟಿದ್ದಾರೆ.

ಮೀನು ಕರುಣೆಗೆ ಸಣ್ಣ ಜೀವವೂ ಅಲ್ಲ. ನಮ್ಮ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಯಾರ ಹೆಸರು ಸಿಕ್ಕಿತೋ ಆ ಅಶೋಕ, ಪಟ್ಟವೇರಿ 26 ವರ್ಷವಾದಾಗ ಹೊರಡಿಸಿದ ಐದನೆಯ ಸ್ತಂಭ ಶಾಸನದಲ್ಲಿ ಹಲವು ಪ್ರಾಣಿಗಳನ್ನು ಕೊಲ್ಲಬಾರದೆಂದು ವಿಧಿಸಿದ. ಉಪೋಸಥ ಮೊದಲಾದ ಕೆಲವು ದಿನಗಳಲ್ಲಿ ಮೀನನ್ನು ಕೊಲ್ಲುವಂತಿಲ್ಲ, ಮಾರುವಂತೆಯೂ ಇಲ್ಲ ಎಂದು ಅದರಲ್ಲಿದೆ.

*3. ಅನಿತ್ಯವನ್ನು ನೆಪ ಮಾಡಿಕೊಳ್ಳಬಾರದು.*
ಇದು ಮೂರರಲ್ಲಿ ಕಷ್ಟದ ಪಾಠ. ಮುದುಕ, ರೋಗಿ, ಹೆಣ ಇವನ್ನು ಮೊದಲ ಸಲ ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ. 29 ವರ್ಷದವನು ಅಲ್ಲಿಯವರೆಗೆ ಮುಪ್ಪು, ಸಾವು ಕಂಡಿರಲಿಲ್ಲ ಎಂದರೆ ನಂಬುವುದು ಹೇಗೆ ಎಂದು ಕೇಳಿದರು. ಅವರು ಮುಂದಿಟ್ಟ ಕಾರಣ ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಎದ್ದ ಜಗಳ.

ಇದರ ಅರ್ಥವೇನು? ಮುಪ್ಪು ಎಲ್ಲರಿಗೂ ಬರುತ್ತದೆ. ಆದರೆ ಮುಪ್ಪಿಗೆ ಮೊದಲೇ ಕೊಲ್ಲುವ ಹಸಿವು, ಕೊಳಕು ನೀರು, ಔಷಧಿ ಸಿಗದಿರುವುದು ಇವು ಮನುಷ್ಯರ ಕಡೆಯಿಂದ ಬರುತ್ತವೆ. ಬಾಬಾಸಾಹೇಬರು ಮತ್ತು ರಮಾತಾಯಿಯವರ ಐದು ಮಕ್ಕಳಲ್ಲಿ ನಾಲ್ವರು ಚಿಕ್ಕಂದಿನಲ್ಲೇ ತೀರಿಕೊಂಡರು. ಅಂಥ ಸಾವಿನ ಮುಂದೆ "ಎಲ್ಲವೂ ಅನಿತ್ಯ" ಎಂದು ಕೈಕಟ್ಟಿ ಕೂರುವುದು ಧಮ್ಮವಲ್ಲ. 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಅವರು ಮುಟ್ಟಿದ್ದು, ಅದು ಎಲ್ಲರಿಗೂ ಸೇರಿದ್ದು ಎಂದು ತೋರಿಸಲು.

ಶಾಲೆಯ ಮೀನಿಗೆ ಮುಪ್ಪು ತಾನಾಗಿ ಸಿಗಲಿಲ್ಲ. 11 ವರ್ಷ ಒಂದು ತಂಡ ಹೋಗಿ ಇನ್ನೊಂದು ತಂಡ ಬಂದರೂ ಪ್ರತಿ ವಾರ ಕಾಲು ಭಾಗ ನೀರನ್ನು ಮಕ್ಕಳು ಬದಲಿಸಿದರು. ಅಷ್ಟು ಮಾಡಿದ ಮೇಲೆ ಬಂದ ಸಾವನ್ನು ಅನಿತ್ಯ ಎಂದು ಒಪ್ಪಿಕೊಳ್ಳಬಹುದು. ಮಾಡದೆ ಬಂದ ಸಾವಿಗೆ ಆ ಹೆಸರು ಕೊಟ್ಟರೆ ಬುದ್ಧರ ಮಾತನ್ನು ನಮ್ಮ ಸೋಮಾರಿತನಕ್ಕೆ ಬಳಸಿದಂತೆ.

*ಇಂದಿನ ಅಭ್ಯಾಸ:* ಮನೆಯಲ್ಲಿ, ಓಣಿಯಲ್ಲಿ ವಯಸ್ಸಾದವರೊಬ್ಬರ ಹತ್ತಿರ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಕುಡಿಯುವ ನೀರು, ಗುಳಿಗೆ, ಊಟ ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯೇ ಎಂದು ಕೇಳಿ.

*ಚರ್ಚೆಗೆ:* ನಿಮ್ಮ ಮನೆಯಲ್ಲಿ ಆದ ಯಾವ ಸಾವಿಗೆ "ಹಣೆಬರಹ" ಎಂದಿದ್ದರು? ಅದರ ನಿಜವಾದ ಕಾರಣವೇನಿತ್ತು? ಭಾನುವಾರದ ಅಧ್ಯಯನಕ್ಕೆ ಬರುವಾಗ ಯೋಚಿಸಿಕೊಂಡು ಬನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.