ತಿನಿಸಿನ ಪೆಟ್ಟಿಗೆಯ ಚಿತ್ರಗಳನ್ನು ಕಾಪಾಡುವ ಬಗೆ

ಅಮೆರಿಕದ ಜನರಲ್ ಮಿಲ್ಸ್ ಕಂಪನಿಯು 1930ರ ದಶಕದಲ್ಲಿ ವೀಟೀಸ್ ಎಂಬ ಗೋಧಿ ತಿನಿಸಿನ ಪೆಟ್ಟಿಗೆಗಳ ಹಿಂಬದಿಯಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ಮುದ್ರಿಸಿತು. ಮಕ್ಕಳು ಅವನ್ನು ಕತ್ತರಿಸಿ ಕೂಡಿಡುತ್ತಿದ್ದರು. ಟಾಪ್ಸ್ ಕಂಪನಿಯು 1957ರಲ್ಲಿ ರೂಢಿಗೆ ತಂದ ಕಾರ್ಡಿನ ಅಳತೆ 2½ ಅಂಗುಲಕ್ಕೆ 3½ ಅಂಗುಲ. ವೀಟೀಸ್ ಚಿತ್ರಗಳಲ್ಲಿ ಹಲವು ಇದಕ್ಕಿಂತ ಬಹಳ ದೊಡ್ಡವು. ಇಂತಹವನ್ನು ಉಳಿಸಿಕೊಳ್ಳುವುದು ಹೇಗೆಂಬುದನ್ನು ಈಗ ವಿಚಾರಿಸೋಣ.

ಪೆಟ್ಟಿಗೆಯನ್ನು ಮಾಡಿದ್ದು ಕೆಲವು ವಾರಗಳ ಬಳಕೆಗೆ, ತಲೆಮಾರುಗಳಿಗಲ್ಲ. ಅಗ್ಗದ ರಟ್ಟಿನಲ್ಲಿ ಸೆಲ್ಯುಲೋಸಿನೊಡನೆ ಲಿಗ್ನಿನ್ ಎಂಬ ಮರದ ಅಂಶವೂ ಉಳಿದಿರುತ್ತದೆ. ಬೆಳಕೂ ಗಾಳಿಯೂ ಸೋಕಿದಂತೆ ಲಿಗ್ನಿನ್ ಹಳದಿಗಟ್ಟುತ್ತದೆ. ರಟ್ಟಿನಲ್ಲಿ ಆಮ್ಲವು ಹೆಚ್ಚುತ್ತದೆ. ತೇವವಿದ್ದಾಗ ಈ ಆಮ್ಲವು ಸೆಲ್ಯುಲೋಸಿನ ಉದ್ದನೆಯ ಸರಪಳಿಗಳನ್ನು ತುಂಡರಿಸುವುದರಿಂದ ರಟ್ಟು ಪೆಡಸಾಗಿ ಮುರಿಯುತ್ತದೆ. ಮನೆಯಲ್ಲಿ ನಾವು ಈ ಕ್ರಿಯೆಯ ವೇಗವನ್ನು ತಗ್ಗಿಸಬಹುದಷ್ಟೆ.

ಆದುದರಿಂದ ಕಾರ್ಡನ್ನು ತಂಪಾದ, ತೇವವಿಲ್ಲದ, ಕತ್ತಲೆಯ ಸ್ಥಳದಲ್ಲಿ ಮಲಗಿಸಿಡಬೇಕು. ಹೊದಿಕೆಯು ಕಾರ್ಡಿಗಿಂತ ತುಸು ದೊಡ್ಡದಿರಲಿ. ಚಿಕ್ಕದರೊಳಗೆ ತುರುಕಿದರೆ ಮೂಲೆಗಳು ನಲುಗುತ್ತವೆ. ಪಿ.ವಿ.ಸಿ. ಹಾಳೆ ಬೇಡ, ಅದನ್ನು ಮೆದುಗೊಳಿಸಲು ಬೆರೆಸಿದ ದ್ರವ್ಯವು ಕ್ರಮೇಣ ಹೊರಸೂಸಿ ಮುದ್ರಣವನ್ನು ಕೆಡಿಸುತ್ತದೆ. ಶುದ್ಧ ಪಾಲಿಯೆಸ್ಟರ್ ಹಾಳೆಯಲ್ಲಿ ಈ ದೋಷವಿಲ್ಲ. ಬೆನ್ನಿಗೆ ಆಮ್ಲರಹಿತ ರಟ್ಟನ್ನು ಇಡಬೇಕು. ಅಂಟುಪಟ್ಟಿಯನ್ನು ಬಳಸಲೇಬಾರದು, ರಟ್ಟಿಗೆ ಹಾನಿಯಾಗದಂತೆ ಅದನ್ನು ತೆಗೆಯುವುದು ಬಲು ಕಷ್ಟ.

ಅಂಚು ಸೊಟ್ಟಗಿದೆಯೆಂದು ಮತ್ತೆ ಕತ್ತರಿ ಹಿಡಿಯುವವರುಂಟು. ಹಾಗೆ ಮಾಡಿದರೆ ಅಂದಿನ ಮಗುವಿನ ಕೈಗುರುತೂ ಅಳಿಯುತ್ತದೆ, ಉಳಿದಿದ್ದ ಅಳತೆಯೂ ಹೋಗುತ್ತದೆ. ಮರಳಿ ಸರಿಪಡಿಸಲಾಗದ ಯಾವ ಕೆಲಸವನ್ನೂ ಮಾಡದಿರುವುದೇ ಸಂರಕ್ಷಣೆಯ ಮೊದಲ ಪಾಠ.