ಸೆಣಬಿನ ನಾರಿನ ಕಾಂಪೊಸಿಟ್: ತೇವಾಂಶವೂ ಒಂದು ವೆಚ್ಚ

ಪಾಲಿಯೆಸ್ಟರ್ ರೆಸಿನ್‌ಗೆ ಬಲ ನೀಡಲು ಗಾಜಿನ ನಾರಿನ ಬದಲು ಸೆಣಬಿನ ನಾರನ್ನು ಬಳಸಿ ಹಲಗೆಗಳನ್ನು ತಯಾರಿಸಬಹುದಾಗಿದೆ. ಗಾಜಿನ ನಾರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.5 ಗ್ರಾಂ, ಸೆಣಬಿನದು ಸುಮಾರು 1.4 ಗ್ರಾಂ. ಆದ್ದರಿಂದ ಸರಕು ಹಗುರವಾಗುತ್ತದೆ.

ಆದರೆ ಸೆಣಬು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ತೇವ ಉಳಿದರೆ ರೆಸಿನ್ ನಾರಿಗೆ ಬಿಗಿಯಾಗಿ ಅಂಟುವುದಿಲ್ಲ. ಆದಕಾರಣ ನಾರನ್ನು ತೆಳು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ, ತೊಳೆದು, ಚೆನ್ನಾಗಿ ಒಣಗಿಸಿ ಬಳಸುವ ಕ್ರಮವಿದೆ.

ಲೆಕ್ಕ ತಪ್ಪುವುದು ಇಲ್ಲಿಯೇ. ಉದಾಹರಣೆಗೆ, ಕಿಲೋಗೆ 88 ರೂ.ಗಳಂತೆ ಕೊಂಡ 100 ಕಿಲೋ ನಾರಿನಲ್ಲಿ ಶೇ. 12ರಷ್ಟು ತೇವಾಂಶವಿದ್ದರೆ, ಪೂರ್ಣವಾಗಿ ಒಣಗಿಸಿದಾಗ ಉಳಿಯುವುದು 88 ಕಿಲೋ. ನಿಜವಾದ ದರ ಕಿಲೋಗೆ 100 ರೂ. ಸಂಸ್ಕರಣೆ ಹಾಗೂ ಇಂಧನದ ವೆಚ್ಚವನ್ನೂ ಸೇರಿಸಿದ ನಂತರವೇ ಮಾರಾಟದ ದರವನ್ನು ನಿಗದಿಪಡಿಸತಕ್ಕದ್ದು. ಖರೀದಿ ಕರಾರಿನಲ್ಲಿ ತೇವಾಂಶದ ಮಿತಿಯನ್ನು ನಮೂದಿಸಿಕೊಳ್ಳುವುದು ಲೇಸು.