ಮಗ್ಗದ ಮುಂದೆ ನಿಂತರೆ ವ್ಯಾಯಾಮವಾಯಿತೇ?

ಪ್ರಶ್ನೆ: ನಮ್ಮ ಮನೆಯವರಿಗೆ 46 ವರ್ಷ. ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುತ್ತಾರೆ. ದಿನಕ್ಕೆ ಹತ್ತು ತಾಸು ನಿಂತೇ ಕೆಲಸ. ಮೊನ್ನೆ ಸಕ್ಕರೆ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.2 ಬಂತು. ಡಾಕ್ಟರು ದಿನಾ ನಡೆಯಿರಿ ಅಂದರು. ಇವರು, "ಮುಂಜಾನಿಂದ ಮೈಮುರದು ದುಡಿತೇನಿ, ಮತ್ಯಾಕ ವಾಕಿಂಗ್? ನಮ್ಮಪ್ಪ ಕುಣಿಮಗ್ಗದಾಗ ಮುಪ್ಪಿನ ತನಕಾ ನೇಯ್ದ, ಅವಗೆಲ್ಲಿತ್ತು ಸಕ್ರಿ ಕಾಯಿಲೆ?" ಅಂತಾರೆ. ನಾನು ಮನೆಯಲ್ಲೇ ಕೂತು ಕಂಡಿಕೆ ಸುತ್ತುತ್ತೇನೆ. ಇವರಿಗೆ ಹೇಗೆ ತಿಳಿಹೇಳಲಿ?

ಉತ್ತರ: ಅವರ ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಅವರಪ್ಪನ ಮಗ್ಗದಲ್ಲೇ ಇದೆ. ಕುಣಿಮಗ್ಗದಲ್ಲಿ ಕೂತೇ ನೇಯುತ್ತಿದ್ದರು, ನಿಜ. ಆದರೆ ಕಾಲು ಬಿಡದೆ ತುಳಿಯಬೇಕು, ಒಂದು ಕೈ ಲಾಳಿ ಓಡಿಸಬೇಕು, ಇನ್ನೊಂದು ಹಣಿಗೆ ಬಡಿಯಬೇಕು. ಆ ದುಡಿಮೆಯನ್ನೆಲ್ಲ ಈಗ ಮೋಟಾರು ವಹಿಸಿಕೊಂಡಿದೆ. ನಿಮ್ಮವರ ಪಾಲಿಗೆ ಉಳಿದಿದ್ದು ನಿಲ್ಲುವುದು, ಹರಿದ ಎಳೆ ಜೋಡಿಸುವುದು, ಕಂಡಿಕೆ ಬದಲಿಸುವುದು, ಜೊತೆಗೆ ಆ ಸದ್ದು. ಅವರ ದಣಿವು ಸುಳ್ಳಲ್ಲ. ಕಾಲು, ಸೊಂಟ ನೋಯುತ್ತವೆ. ಆದರೆ ಉಸಿರು ಏರುವುದಿಲ್ಲ. ಸ್ನಾಯು ಚುರುಕಾಗಿ ದುಡಿದಾಗಲೇ ಅದು ರಕ್ತದ ಸಕ್ಕರೆಯನ್ನು ಚೆನ್ನಾಗಿ ಎಳೆದುಕೊಳ್ಳುವುದು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೂ.

1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಡ್ರೈವರು, ಕಂಡಕ್ಟರುಗಳ ಲೆಕ್ಕ ಬಿಚ್ಚಿಟ್ಟರು. ಬಸ್ಸು ಒಂದೇ. ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ, ಕೂತು ಓಡಿಸುವ ಡ್ರೈವರುಗಳಿಗಿಂತ ಹೃದಯದ ಕಾಯಿಲೆ ಕಡಿಮೆ ಇತ್ತು. ದುಡಿಮೆಯ ತಾಸು ಎಷ್ಟು ಎಂಬುದಲ್ಲ, ಮೈ ಎಷ್ಟು ಆಡಿತು ಎಂಬುದು ಮುಖ್ಯ ಎಂದು ನಿಮ್ಮವರಿಗೆ ಹೇಳಿ.

6.2 ಅಂದರೆ ಇನ್ನೂ ಮಧುಮೇಹವಲ್ಲ. 5.7ರಿಂದ 6.4ರವರೆಗಿನದು ಅದರ ಹೊಸ್ತಿಲು, ಅಲ್ಲಿಂದ ಹಿಂದೆ ಸರಿಯಲು ದಾರಿ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥದೇ ಹೊಸ್ತಿಲಲ್ಲಿದ್ದವರ ಪೈಕಿ ಊಟ, ನಡಿಗೆ ತಿದ್ದಿಕೊಂಡವರಿಗೆ ಮಧುಮೇಹ ಬರುವ ಸಾಧ್ಯತೆ ಶೇ. 28.5ರಷ್ಟು ತಗ್ಗಿತ್ತು. ನಮ್ಮ ದೇಶದವರ ಮೇಲೆಯೇ ನಡೆದ ಪರೀಕ್ಷೆ ಎಂಬ ಕಾರಣಕ್ಕೆ ನನಗೆ ಇದರ ಮೇಲೆ ಹೆಚ್ಚು ಭರವಸೆ.

ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಸಾಕು. ಮಾತಾಡಬಹುದು, ಹಾಡಲಾಗದು, ಅಷ್ಟು ಬಿರುಸು. ಒಂದೇ ಸಲ ಆಗಬೇಕೆಂದಿಲ್ಲ. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ, ಬೆಳಿಗ್ಗೆ ಶೆಡ್ಡಿಗೆ ಗಾಡಿ ಬಿಟ್ಟು ಹದಿನೈದು ನಿಮಿಷ. ಕರೆಂಟು ಹೋದಾಗ ಕಟ್ಟೆ ಮೇಲೆ ಕೂರುವ ಬದಲು ಓಣಿ ಸುತ್ತಿ ಬರಲಿ. ವಾರಕ್ಕೆರಡು ದಿನ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳಲಿ, ಕೂರಲಿ. ಜಮಖಂಡಿಯ ಗರಡಿ ಹುಡುಗರ ಬಸ್ಕಿ ಈ ವಯಸ್ಸಿನ ಮೊಣಕಾಲಿಗೆ ಈಗಲೇ ಬೇಡ. ನಡೆಯುವಾಗ ಎದೆ ಹಿಡಿದಂತಾದರೆ ನಿಲ್ಲಿಸಿ ಡಾಕ್ಟರ ಬಳಿ ಹೋಗಬೇಕು.

ಜೋಳದ ರೊಟ್ಟಿ, ಕಾಳುಪಲ್ಯ ಇರಲಿ, ಎರಡನೇ ಸಲದ ಅನ್ನ ಬೇಡ. ಚಹಾದ ಸಕ್ಕರೆ ಬಿಡಿಸಿ. ಬದಲಿಗೆ ಬೆಲ್ಲ ಹಾಕಬೇಡಿ. ಮಹಾಲಿಂಗಪುರದ ಬೆಲ್ಲವಾದರೂ ರಕ್ತದಲ್ಲಿ ಅದು ಸಕ್ಕರೆಯೇ. ತಂಬಾಕು ಇದ್ದರೆ ಅದು ಮೊದಲು ಹೋಗಲಿ.

ಇನ್ನೊಂದು ಮಾತು. ಕೂತು ಕಂಡಿಕೆ ಸುತ್ತುವ ನಿಮ್ಮ ಬಗ್ಗೆ ನೀವು ಏನೂ ಕೇಳಲಿಲ್ಲ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ. ಈ ವಾರವೇ ಮಾಡಿಸಿಕೊಳ್ಳಿ. ರಾತ್ರಿ ಊಟವಾದ ಮೇಲೆ ಅವರೊಬ್ಬರನ್ನೇ ಕಳಿಸಬೇಡಿ, ನೀವೂ ಚಪ್ಪಲಿ ಮೆಟ್ಟಿಕೊಂಡು ಹೊರಡಿ.